ಚೌಕಟ್ಟಿನಡಿಯ ಕೆಂಪು

ಮತ್ತೆ ಆಗಲಿಲ್ಲ. ರೋವಿನಾ ಬೀಲ್ ತಟ್ಟೆಯ ಬೆನ್ನಿನ ಮೇಲೆ ಕಲಸಿದ ಕೆಂಪನ್ನು ಚಾಕುವಿನ ತುದಿಗೆ ತೆಗೆದುಕೊಂಡು, ತೋಳು ಚಾಚಿ, ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು, ತೆರೆದು ನೋಡಿದಳು. ಕೆಂಪೇನೋ ಕೆಂಪೇ, ಯಾರೂ ಅದನ್ನು ಹಸಿರು ಅನ್ನುವಂತಿರಲಿಲ್ಲ, ಆದರೆ ಏನೋ ಕಡಿಮೆ. ಸ್ವಲ್ಪ ನೀಲಿ ಸೇರಿಸಿದರೆ ಹಳೆಯ ಗಾಯದಂತಾಗುತ್ತದೆ, ಕಂದು ಸೇರಿಸಿದರೆ ಕಾಕಂಬಿ ಹಾಕಿ ಬೇಯಿಸಿದ ಬೀನ್ಸಿನಂತಾಗುತ್ತದೆ, ಏನೂ ಸೇರಿಸದೆ ಬಿಟ್ಟರೆ ಹೀಗೆ, ಬಾಯಿಗೆ ಬಂದೂ ಹೊರಗೆ ಬಾರದ ಹೆಸರಿನಂತೆ ನಿಲ್ಲುತ್ತದೆ. ಬಯಲಿನಲ್ಲಿ ನಿಂತು ಚಿತ್ರ ಬರೆಯುವವರೆಲ್ಲ ಮಾಡುವ ಕೆಲಸವೇ ಇದು. ಚಾಕುವಿನ ತುದಿಯ ಬಣ್ಣವನ್ನು ಎದುರಿನ ಗುಡ್ಡದ ಮೇಲೋ ನೀರಿನ ಮೇಲೋ ಎತ್ತಿ ಹಿಡಿಯುವುದು, ಎರಡರ ನಡುವಿನ ಗೆರೆ ಕಣ್ಣಿಗೆ ಕಾಣದಂತಾದರೆ ಬಣ್ಣ ಸರಿ ಬಂತು ಎಂದು ತಿಳಿಯುವುದು. ಜೀವಮಾನವೆಲ್ಲ ಅವಳು ಹಾಗೇ ಮಾಡಿದ್ದಾಳೆ. ಆದರೆ ಇವತ್ತು ಎದುರಿಗೆ ಹಿಡಿಯಲು ಏನೂ ಇಲ್ಲ. ಕಿಟಕಿಯಾಚೆ ಪಿಂಕಮ್ ಕೊಲ್ಲಿಯ ಬೂದು ನೀರು, ಕಡಲಿನ ಇಳಿತಕ್ಕೆ ಕೆಸರಿನ ಮೇಲೆ ಓರೆಯಾಗಿ ಮಲಗಿದ ದೋಣಿಗಳು, ಅವುಗಳ ಮೇಲೆ ಸುಮ್ಮನೆ ಜಗಳಾಡುವ ಕಡಲಹಕ್ಕಿಗಳು. ಅವಳು ಹೊಂದಿಸಬೇಕಾದ ಕೆಂಪು ತಲೆಯೊಳಗೆ ಮಾತ್ರ ಇದೆ, ಮತ್ತು ಆ ತಲೆಗೆ ಎಂಬತ್ತು ಹತ್ತಿರವಾಗಿದೆ.

“ಇನ್ನೂ ಅದನ್ನೇ ಕೆರೀತಿದೀಯಾ?” ಅಕ್ಕ ಥರ್ಜಾ ಕೋಲೂರಿಕೊಂಡು ಒಳಗೆ ಬಂದು ಒಲೆಯ ಮೇಲಿನ ಕಾಫಿಯನ್ನು ಮೂಸಿದಳು. “ಅದು ಅಮ್ಮನ ತಟ್ಟೆ.”

“ಬೆನ್ನ ಮೇಲೆ ತಾನೇ ಕಲಸ್ತಿರೋದು.”

“ಹೂಂ, ಅಮ್ಮನ ಬೆನ್ನ ಮೇಲೂ ನೀನು ಹಿಂಗೇ ಕೂತಿದ್ದೆ, ನಲವತ್ತು ದಾಟೋವರೆಗೂ.”

ರೋವಿನಾ ಗಡಿಯಾರ ನೋಡಿದಳು. ಮಧ್ಯಾಹ್ನ ಮ್ಯೂಸಿಯಂನವರ ವ್ಯಾನು ಬರುತ್ತದೆ. ಲೈಬ್ರರಿಯ ಗೋಡೆಯ ಮೇಲಿನ ಅವಳ ಚಿತ್ರವನ್ನು ಇಳಿಸಿ, ಕಂಬಳಿ ಸುತ್ತಿ, ದಕ್ಷಿಣಕ್ಕೆ ನಗರಕ್ಕೆ ಒಯ್ಯುತ್ತಾರೆ. ಅಲ್ಲಿ ದೊಡ್ಡ ಬಿಳಿ ಕೋಣೆಯಲ್ಲಿ ನೇತುಹಾಕುತ್ತಾರೆ. ಅದಕ್ಕೆ ಮೊದಲು ಅವಳು ಲೈಬ್ರರಿಗೆ ಹೋಗಬೇಕು, ಯಾರೂ ನೋಡದ ಹೊತ್ತಿನಲ್ಲಿ, ಕಡೇಪಕ್ಷ ಚಿತ್ರದ ನಡುವಿನ ಹೆಂಗಸಿನ ತಲೆವಸ್ತ್ರದ ಮೇಲೆ, ಹೆಬ್ಬೆರಳಿನಷ್ಟು ಜಾಗದಲ್ಲಿ, ಕೆಂಪನ್ನು ಮತ್ತೆ ಇಡಬೇಕು. ಅಷ್ಟಾದರೆ ಸಾಕು. ನೋಡಿದವರು ಕೇಳುತ್ತಾರೆ, ಇಷ್ಟು ಬೂದು ಬಣ್ಣದ ನಡುವೆ ಇದೊಂದು ಯಾಕೆ ಕೆಂಪು ಎಂದು. ಕೇಳಲಿ.

ಏಕೆಂದರೆ ಆ ಚಿತ್ರ ಕೆಂಪಾಗಿತ್ತು. ಊರಾಚೆಯ ಬ್ಲೂಬೆರಿ ಬಯಲು ಅಕ್ಟೋಬರಿನಲ್ಲಿ ಹೇಗಿರುತ್ತದೋ ಹಾಗೆ, ನೆಲಕ್ಕೆ ಅಂಟಿಕೊಂಡ ಗಿಡಗಳ ಒಂದೊಂದು ಎಲೆಯೂ ಉರಿಯುವ ಹಾಗೆ, ಆಕಾಶದ ಅಂಚಿನ ತನಕ. ನಡುವೆ ಬಗ್ಗಿ ನಿಂತ ಥರ್ಜಾ, ತಲೆಗೆ ಕೆಂಪು ವಸ್ತ್ರ. ಆಗ ರೋವಿನಾಗೆ ಮೂವತ್ತು ತುಂಬಿದ ಹೊಸತು. ಬಾಸ್ಟನ್ನಿನ ಅಂಗಡಿಯಲ್ಲಿ ಬಣ್ಣ ಮಾರುವವನು, ಕಿವಿಯಲ್ಲೆಲ್ಲ ಕೂದಲಿದ್ದ ಮುದುಕ, ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು, ಕೊಡಲು ಮನಸ್ಸಿಲ್ಲದವನಂತೆ ಹೇಳಿದ್ದ: ಇದು ಮಂಜಿಷ್ಠದ ಬೇರಿನ ಕೆಂಪು ತಾಯಿ, ಬಿಸಿಲಿಗೆ ನಿಲ್ಲಲ್ಲ, ನೋಡ್ತಾ ನೋಡ್ತಾ ಹೋಗಿಬಿಡತ್ತೆ. ಬೇರೆ ಯಾವ ಕೆಂಪೂ ಆ ಬಯಲಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ನಾನು ಸಾಯೋ ತನಕ ಇದ್ರೆ ಸಾಕು ಎಂದಿದ್ದಳು ಅವಳು. ಮೂವತ್ತರವಳಿಗೆ ಸಾವು ಅರವತ್ತರಲ್ಲಿ ಇರುತ್ತದೆ. ಅರವತ್ತು ಬಂತು, ಹೋಯಿತು. ಸಾಯುವುದನ್ನು ಅವಳು ಯಾವಾಗ ಮರೆತಳೋ ಗೊತ್ತಿಲ್ಲ, ಕೆಂಪು ಮಾತ್ರ ತನ್ನ ಮಾತನ್ನು ಮರೆಯಲಿಲ್ಲ.

ಲೈಬ್ರರಿಯ ಕಿಟಕಿ ದಕ್ಷಿಣಕ್ಕಿದೆ, ದಿನವಿಡೀ ಬಿಸಿಲು. ದಿನವೂ ನೋಡುವವರಿಗೆ ಅದು ಹೋಗುತ್ತಿರುವುದು ತಿಳಿಯಲಿಲ್ಲ, ಮನೆಯಲ್ಲಿರುವವರ ಮುಖ ಮುದಿಯಾಗುವುದು ತಿಳಿಯದ ಹಾಗೆ. ರೋವಿನಾ ತನ್ನ ಚಿತ್ರಗಳನ್ನು ಕೊಟ್ಟ ಮೇಲೆ ನೋಡಲು ಹೋಗುವವಳಲ್ಲ. ಬೇಸಿಗೆಗೆ ಬರುವ ನಗರದವರಿಗೆ ಅಲೆಗಳನ್ನೂ ದೇವದಾರುಗಳನ್ನೂ ಮಾರಿ ಬದುಕಿದವಳು, ಒಂದನ್ನು ಮಾತ್ರ ಊರಿಗೆ ಬಿಟ್ಟಿದ್ದಳು, ಬಿಟ್ಟದ್ದನ್ನು ಹೋಗಿ ಹೋಗಿ ನೋಡಿದರೆ ಕೊಟ್ಟಂತಾಗುವುದಿಲ್ಲ ಎಂದು ಸುಮ್ಮನಿದ್ದಳು. ಆಮೇಲೊಂದು ದಿನ ಮಳೆಗೆ ಸಿಕ್ಕಿ ಒಳಗೆ ಹೋಗಿ ನಿಂತಳು. ಮೊದಲು ಧೂಳು ಅಂದುಕೊಂಡಳು. ಕರವಸ್ತ್ರಕ್ಕೆ ಉಗುಳು ಹಚ್ಚಿ ಒಂದು ಮೂಲೆಯನ್ನು ಒರೆಸಿದಳು. ಧೂಳಾಗಿರಲಿಲ್ಲ. ಬಯಲಿನ ತುಂಬ ಬೂದು, ತೆಳು ಕಂದು, ಎಲ್ಲೋ ಒಂದಿಷ್ಟು ಹಾಲಿನಂಥ ನೀಲಿ. ಚೌಕಟ್ಟಿನ ಕೆಳಗೆ ಅವಳು ಇಟ್ಟ ‘ಅಕ್ಟೋಬರ್’ ಎಂಬ ಹೆಸರು ಇರಲಿಲ್ಲ. ಯಾರೋ ಹಿತ್ತಾಳೆಯ ಪಟ್ಟಿ ಹೊಡೆದಿದ್ದರು: ‘ಬಯಲಿನ ಮೇಲೆ ಮಂಜು’.

ಇದೇ ವಸಂತದಲ್ಲಿ ಮ್ಯೂಸಿಯಂನ ನಾವೋಮಿ ಹಾಲ್ಪರ್ನ್ ಬಂದು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. ಒಳ್ಳೆಯ ಹುಡುಗಿ, ನೋಡಲು ಬರುತ್ತದೆ ಅವಳಿಗೆ. “ಇಷ್ಟು ಕಡಿಮೆ ಬಣ್ಣದಲ್ಲಿ ಇಷ್ಟೊಂದು ಹೇಳಿದ್ದೀರಲ್ಲ ಮಿಸ್ ಬೀಲ್, ಆ ನಡುವೆ ಇರೋದು ಬಂಡೆಯೋ ಮನುಷ್ಯರೋ ಅಂತಲೂ ಗೊತ್ತಾಗದ ಹಾಗೆ,” ಎಂದಳು, ಕಣ್ಣಲ್ಲಿ ನೀರು ತುಂಬಿತ್ತು. ರೋವಿನಾ ಹೇಳಿದಳು, ಮಂಜಲ್ಲ, ಅದು ಕೆಂಪಾಗಿತ್ತು, ಅದು ಬಂಡೆಯಲ್ಲ, ನನ್ನಕ್ಕ. ಹುಡುಗಿ ಅವಳ ಕೈ ಹಿಡಿದು ನಕ್ಕಳು, ನಂಬದೆ ಅಲ್ಲ, ನಂಬಿದರೂ ಏನು ಮಾಡುವುದೆಂದು ತಿಳಿಯದೆ. ಲೈಬ್ರರಿ ಸಮಿತಿಯ ಅಧ್ಯಕ್ಷ ಎಲ್ವುಡ್ ಫಾಸ್ ಮಾತ್ರ ಗಟ್ಟಿಯಾಗಿ ನಕ್ಕಿದ್ದ: “ಈ ವಯಸ್ಸಲ್ಲಿ ಹಳೇದೆಲ್ಲ ಎಲ್ರಿಗೂ ಕೆಂಪಾಗೇ ಕಾಣತ್ತೆ ಮಿಸ್ ಬೀಲ್! ನನ್ನ ಮೊದಲ ಕಾರೂ ಕೆಂಪಿತ್ತು ಅಂತೀನಿ ನಾನು, ನನ್ನ ಹೆಂಡ್ತಿ ಕಂದು ಅಂತಾಳೆ.” ಆ ನಗು ಅವತ್ತಿನಿಂದ ಅವಳ ಹಾಸಿಗೆಯಲ್ಲಿ ಅವಳ ಜೊತೆಗೇ ಮಲಗುತ್ತಿದೆ. ಏಕೆಂದರೆ ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಆಗ ತೆಗೆದ ಒಂದೇ ಫೋಟೋ ಪೇಪರಿನದು, ಕಪ್ಪುಬಿಳುಪು. ನೆನಪಲ್ಲಿರುವುದು ಬಯಲಿನ ಕೆಂಪೋ, ಕ್ಯಾನ್ವಾಸಿನ ಮೇಲೆ ತಾನು ಬರೆದ ಕೆಂಪೋ? ವರ್ಷವರ್ಷವೂ ಬಯಲನ್ನು ನೋಡಿ ನೋಡಿ, ಬರೆಯದ ಕೆಂಪನ್ನು ಬರೆದೆ ಅಂದುಕೊಂಡಿದ್ದೇನೋ? ಹಾಗಾದರೆ ಅವಳ ಇಡೀ ಬಾಳಿನಲ್ಲಿ ಒಂದೇ ಒಂದು ಸಲ ಸರಿಯಾಗಿ ಕಂಡಿದ್ದೆ ಅಂದುಕೊಂಡಿದ್ದೂ ಸುಳ್ಳು, ಉಳಿದದ್ದು ಬೇಸಿಗೆಯವರ ಅಲೆಗಳು.

“ಥರ್ಜಾ, ಒಂದೇ ಒಂದು ಮಾತು ಕೇಳ್ತೀನಿ.”

“ಬೇಡ.”

“ಆ ಚಿತ್ರ ಕೆಂಪಿತ್ತೋ ಇಲ್ವೋ?”

“ನನಗೆ ನೆನಪಿಲ್ಲ ಅಂತ ಎಷ್ಟು ಸಲ ಹೇಳ್ಲಿ? ನಾನು ನಿಂತಿದ್ದು ಆ ಕಡೆ. ನನಗೆ ಕಾಣ್ತಿದ್ದಿದ್ದು ಅದರ ಬೆನ್ನು. ಅದೂ ನಾನು ಬೂಟಿನ ದಾರ ಕಟ್ಕೊಳ್ಳೋಕೆ ಬಗ್ಗಿದ್ರೆ, ಹಂಗೇ ಇರು ಹಂಗೇ ಇರು ಅಂತ ಕೂಗಿ ಅರ್ಧ ದಿನ ಬಗ್ಗಿಸಿ ನಿಲ್ಲಿಸಿದ್ಯಲ್ಲ ಪಾಪಿ.”

“ಲೈಬ್ರರೀಲಿ ಹಾಕಿದ ಮೇಲಾದ್ರೂ ನೋಡ್ಲಿಲ್ವಾ?”

“ಲೈಬ್ರರಿಗೆ ನಾನ್ಯಾಕೆ ಹೋಗ್ಲಿ? ಕಾರ್ಖಾನೇಲಿ ದಿನವಿಡೀ ಮೀನಿನ ತಲೆ ಕತ್ತರಿಸಿ ಬಂದೋಳು ಅಲ್ಲಿ ಹೋಗಿ ಕೂತಿದ್ರೆ, ಊರಿನ ಬೆಕ್ಕುಗಳೆಲ್ಲ ನನ್ನ ಹಿಂದೇನೇ ಓದೋಕೆ ಬರ್ತಿದ್ವು.”

ರೋವಿನಾ ಕೆಂಪನ್ನು ಕೆರೆದು ಮುಲಾಮಿನ ಖಾಲಿ ಡಬ್ಬಿಗೆ ತುಂಬಿದಳು. ಇನ್ನು ಕಲಸಲು ಹೊತ್ತಿಲ್ಲ. ಇದು ಹೊಸ ಕಾಲದ ಕೆಂಪು, ನೂರು ವರ್ಷ ಹೋಗುವುದಿಲ್ಲವೆಂದು ಟ್ಯೂಬಿನ ಮೇಲೇ ಬರೆದಿದೆ. ಸರಿಯಿಲ್ಲದ ಕೆಂಪು, ಆದರೆ ಉಳಿಯುವ ಕೆಂಪು. ಡಬ್ಬಿ ಕೋಟಿನ ಒಂದು ಜೇಬಿಗೆ, ಚಾಕುವೂ ಕುಂಚವೂ ಇನ್ನೊಂದಕ್ಕೆ. ಟ್ಯೂಬು, ಯಾವಾಗಲೂ ಟ್ರಕ್ಕಿನ ಹಿಂದೆಯೇ ಇರುವ ಬಣ್ಣದ ಪೆಟ್ಟಿಗೆಗೆ. ಥರ್ಜಾ ಕೇಳದೆಯೇ ತಾನೂ ಕೋಟು ಹಾಕಿಕೊಂಡಳು.

“ನೀನ್ಯಾಕೆ?”

“ಬಂಡೆ ಹೊರಟಿದೆ ನಗರಕ್ಕೆ. ಬೀಳ್ಕೊಡೋಕೆ ಬಂಡೆ ಕಡೆಯೋರು ಒಬ್ರಾದ್ರೂ ಬೇಡ್ವಾ?”

ಲೈಬ್ರರಿಯ ಮುಂದೆ ವ್ಯಾನು ಆಗಲೇ ನಿಂತಿತ್ತು. ಬೆಳಿಗ್ಗೆ ಎದ್ದದ್ದೇ ಬಂದಿದ್ದರೆ, ಬಣ್ಣಕ್ಕೆ ಅಷ್ಟು ಒದ್ದಾಡದೆ ಬಂದಿದ್ದರೆ. ಎಲ್ಲ ಕೆಲಸವನ್ನೂ ಅವಳು ಹೀಗೇ ಹಾಳುಮಾಡಿಕೊಂಡಿದ್ದಾಳೆ, ಇನ್ನೊಂದು ಸಲ ಕಲಸಿ ನೋಡುತ್ತೇನೆ ಎಂದು. ಬೆಳಕು ಹೋಗುತ್ತದೆ, ಇಳಿತ ಮುಗಿಯುತ್ತದೆ, ಮದುವೆಯಾಗುತ್ತೇನೆ ಎಂದವನು ಕಾದು ಕಾದು ದೋಣಿ ಹತ್ತಿ ಹೋಗುತ್ತಾನೆ. ಒಳಗೆ ಓದುವ ಮೇಜಿನ ಮೇಲೆ ಕಂಬಳಿ ಹಾಸಿ ಚಿತ್ರವನ್ನು ಮುಖ ಮೇಲಾಗಿ ಮಲಗಿಸಿದ್ದರು. ಚೌಕಟ್ಟು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಾವೋಮಿ ಮೇಜಿನ ಮೇಲೆ ಬಾಗಿ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಮುಟ್ಟಿಬಿಟ್ಟೇನೋ ಎಂಬ ಹೆದರಿಕೆಯಿಂದ. ತಲೆ ಎತ್ತಿದಾಗ ಅವಳ ಮುಖ ಬಿಳಿಚಿಕೊಂಡಿತ್ತು.

“ಮಿಸ್ ಬೀಲ್,” ಎಂದಳು. “ಬನ್ನಿ. ಬಂದು ನೋಡಿ. ನನ್ನನ್ನ ಕ್ಷಮಿಸಿಬಿಡಿ.”

ಚಿತ್ರದ ನಾಲ್ಕೂ ಅಂಚಿಗೆ, ಚೌಕಟ್ಟಿನ ತುಟಿ ಇಷ್ಟು ವರ್ಷ ಮುಚ್ಚಿಕೊಂಡಿದ್ದ ಕಡೆ, ಒಂದು ಬೆರಳಿನಗಲ ಕೆಂಪು. ಬೂದು ಬಯಲಿನ ಸುತ್ತ ಯಾರೋ ಬೆಂಕಿಯ ಗೆರೆ ಎಳೆದಂತೆ. ಅದು ಪಟ್ಟಿಯಾಗಿರಲಿಲ್ಲ, ಅದರಲ್ಲಿ ಎಲೆಗಳಿದ್ದವು, ಕುಂಚ ತಿರುಗಿದ ಗುರುತುಗಳಿದ್ದವು, ಮೂವತ್ತರ ಕೈಯ ಅವಸರವಿತ್ತು. ಬಯಲು ಅಲ್ಲಿ ಇನ್ನೂ ಅಕ್ಟೋಬರಿನಲ್ಲೇ ಇತ್ತು. ರೋವಿನಾಗೆ ಮೊದಲು ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಲ್ಲೇ ಇದ್ದೆಯಲ್ಲ, ಎಲ್ವುಡ್ ನಗುವಾಗ, ನಾನು ಹುಚ್ಚಿಯಂತೆ ಕರವಸ್ತ್ರದಲ್ಲಿ ಒರೆಸುವಾಗ, ಅರ್ಧ ಗೇಣು ಆಚೆಗೆ ಮರದ ಕೆಳಗೆ ಬಾಯಿ ಮುಚ್ಚಿಕೊಂಡು ಇದ್ದೆಯಲ್ಲ. ಅವಳ ಕೈ ತಾನಾಗಿ ಜೇಬಿಗೆ ಹೋಯಿತು. ಡಬ್ಬಿ ತೆಗೆದಳು, ಚಾಕುವಿನ ತುದಿಗೆ ಬೆಳಗಿನ ಕೆಂಪನ್ನು ತೆಗೆದುಕೊಂಡಳು, ಅಂಚಿನ ಮೇಲೆ ಒಂದು ಕೂದಲೆಳೆ ಎತ್ತರದಲ್ಲಿ ಹಿಡಿದು ಒಂದು ಕಣ್ಣು ಮುಚ್ಚಿದಳು. ಗೆರೆ ಕಾಣಲಿಲ್ಲ. ಚಾಕುವಿನ ಕೆಂಪು ಎಲ್ಲಿ ಮುಗಿಯಿತು, ಚಿತ್ರದ ಕೆಂಪು ಎಲ್ಲಿ ಶುರುವಾಯಿತು, ತಿಳಿಯಲಿಲ್ಲ. ಆಗಲಿಲ್ಲ ಆಗಲಿಲ್ಲ ಎಂದು ಬೆಳಿಗ್ಗೆಯೆಲ್ಲ ಬೈದುಕೊಂಡ ಬಣ್ಣವೇ ಸರಿಯಾದ ಬಣ್ಣವಾಗಿತ್ತು. ತಲೆ ಸುಳ್ಳು ಹೇಳಿರಲಿಲ್ಲ.

“ಅಯ್ಯಯ್ಯೋ, ಮಿಸ್ ಬೀಲ್!” ಎಲ್ವುಡ್ ಓಡಿ ಬಂದ. “ಬಣ್ಣ ಹಿಡ್ಕೊಂಡು ಅದರ ಹತ್ರ ಬರಬೇಡಿ, ದಯವಿಟ್ಟು. ಅದು ಲೈಬ್ರರಿ ಆಸ್ತಿ.”

“ಅವರೇ ಬರೆದಿದ್ದು ಮಿಸ್ಟರ್ ಫಾಸ್,” ಎಂದಳು ನಾವೋಮಿ.

“ಗೊತ್ತು, ಗೊತ್ತು. ಹಂಗಂತ ನಮ್ಮಪ್ಪ ಕಟ್ಟಿದ ಮನೇನ ಮಾರಿದ ಮೇಲೆ, ಹೋಗಿ ಅದರ ಬಾಗಿಲಿಗೆ ನಾನು ಬಣ್ಣ ಬಳಿಯೋಕಾಗತ್ತಾ?”

ಅವನು ಹೇಳಿದ್ದು ತಪ್ಪಲ್ಲ, ಅದೇ ಅವಳಿಗೆ ಚುಚ್ಚಿದ್ದು. ಚಾಕು ಹಿಡಿದ ಕೈಯನ್ನು ಎಲ್ಲರೂ ನೋಡುತ್ತಿದ್ದರು, ಸಾಗಿಸಲು ಬಂದ ಗಂಡಸರೂ ಕೂಡ. ಕಳ್ಳತನಕ್ಕೆ ಬಂದು ಸಿಕ್ಕಿಬಿದ್ದ ಮುದುಕಿ. ಕಳ್ಳತನಕ್ಕೇ ಬಂದಿದ್ದಳಲ್ಲ. ನಾವೋಮಿ ಮೆಲ್ಲಗೆ ಅವಳ ಪಕ್ಕಕ್ಕೆ ಬಂದಳು. ಮೇಲೆ ಬಣ್ಣ ಹಾಕುವಂತಿಲ್ಲ, ಅದನ್ನು ಯಾರೂ ಒಪ್ಪುವುದಿಲ್ಲ, ಆದರೆ ಬೇಕಾದರೆ ಚೌಕಟ್ಟಿಲ್ಲದೆ ತೂಗುಹಾಕಬಹುದು, ಹೆಸರನ್ನೂ ಬದಲಾಯಿಸಬಹುದು, ಬಂದವರೆಲ್ಲ ಈ ಅಂಚನ್ನು ನೋಡುತ್ತಾರೆ, ಆಗ ಇಡೀ ಚಿತ್ರ ಹೇಗಿತ್ತೆಂದು ಅವರೇ ತಿಳಿಯುತ್ತಾರೆ ಎಂದಳು. ಅವಳ ದನಿ ಸಣ್ಣದಾಯಿತು. “ಆದ್ರೆ ಬೆಳಕು ಬಿದ್ರೆ ಇದೂ ಹೋಗತ್ತೆ. ಎಷ್ಟೇ ಮಂದ ದೀಪ ಹಾಕಿದ್ರೂ, ನಿಧಾನಕ್ಕೆ. ಅದನ್ನ ನಿಮಗೆ ಹೇಳ್ದೆ ಇರೋಕಾಗಲ್ಲ.”

“ಮುಚ್ಚಿದ್ರೆ?”

“ಮುಚ್ಚಿದ್ರೆ ಇರತ್ತೆ. ಯಾರಿಗೂ ಕಾಣಲ್ಲ.”

ಬಾಸ್ಟನ್ನಿನ ಮುದುಕ ಟ್ಯೂಬನ್ನು ಹಿಡಿದುಕೊಂಡು ಮತ್ತೆ ಎದುರಿಗೆ ನಿಂತಂತಾಯಿತು. ಸಾಯೋ ತನಕ ಇದ್ರೆ ಸಾಕು ಎಂದು ಅವತ್ತು ಎಷ್ಟು ಸುಲಭವಾಗಿ ಹೇಳಿದ್ದಳು. ರೋವಿನಾ ಥರ್ಜಾಳ ಕಡೆ ನೋಡಿದಳು. ಥರ್ಜಾ ಎರಡೂ ಕೈ ಕೋಲಿನ ಮೇಲಿಟ್ಟು, ಮೂಗು ಅಂಚಿಗೆ ತಾಗುವಷ್ಟು ಬಗ್ಗಿ, ಆ ಕೆಂಪನ್ನು ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಜೀವಮಾನದಲ್ಲಿ ಮಾತು ಬೇಕಾದಾಗ ಇವಳು ಮಾತಾಡುವುದಿಲ್ಲ.

“ಮುಚ್ಚಿಬಿಡಿ,” ಎಂದಳು ರೋವಿನಾ.

ಅದನ್ನು ಯಾಕೆ ಹೇಳಿದೆ ಎಂದು ಟ್ರಕ್ಕು ಹತ್ತಿದ ಮೇಲೂ ಅವಳಿಗೆ ತಿಳಿಯಲಿಲ್ಲ. ಎಲ್ವುಡ್ ಬಾಗಿಲ ತನಕ ಬಂದು, ಟೋಪಿ ತೆಗೆದು, ನೀವು ಹೇಳಿದ್ದೇ ನಿಜ ಆಯ್ತಲ್ಲ ಮಿಸ್ ಬೀಲ್ ಎಂದ. ಆ ಮಾತಿಗಾಗಿ ವಸಂತದಿಂದ ಕಾದಿದ್ದಳು, ಬಂದಾಗ ಅದು ಚಿಲ್ಲರೆಯಂತೆ ಕೈಗೆ ಬಿತ್ತು. ಮನೆಗೆ ತಿರುಗುವ ಕಡೆ ತಿರುಗದೆ ಅವಳು ಟ್ರಕ್ಕನ್ನು ಊರಾಚೆಗೆ ಓಡಿಸಿದಳು. ಕೆಂಪು ಇತ್ತು, ನಾನು ಕಂಡಿದ್ದೆ, ಬರೆದಿದ್ದೆ. ಅಷ್ಟು ಸಾಕಲ್ಲ, ಇನ್ನು ಆ ನಗರದವರು ಮಂಜೆಂದು ಅತ್ತರೆ ಅಳಲಿ. ದೇವದಾರುಗಳ ಸಾಲು ಮುಗಿಯಿತು. ರಸ್ತೆ ಏರಿತು. ಏರಿದ ಕೂಡಲೇ ಬಯಲು, ಅಕ್ಟೋಬರಿನ ಬಯಲು.

ಗಾಳಿ ಟ್ರಕ್ಕಿನ ಬಾಗಿಲನ್ನು ಕೈಯಿಂದ ಕಿತ್ತುಕೊಂಡಿತು. ಅವಳು ಇಳಿದು, ರಸ್ತೆಯ ಅಂಚಿನಲ್ಲಿ ನಿಂತು, ಸಾಕ್ಷಿ ಹೇಳಲು ಬಂದವಳಂತೆ ಚಾಕುವಿನ ತುದಿಗೆ ಡಬ್ಬಿಯ ಕೆಂಪನ್ನು ತೆಗೆದು ತೋಳು ಚಾಚಿದಳು. ಒಂದು ಕಣ್ಣು ಮುಚ್ಚಿದಳು.

ಗೆರೆ ಹೋಗಲಿಲ್ಲ. ಚಾಕುವಿನ ಮೇಲೆ ಇದ್ದದ್ದು ಬಣ್ಣ, ಅದರ ಹಿಂದೆ ಇದ್ದದ್ದು ಬೆಂಕಿ. ಮೋಡ ಸರಿಯಿತು, ಬಯಲು ಇನ್ನಷ್ಟು ಹತ್ತಿಕೊಂಡಿತು, ಚಾಕುವಿನದು ಒಣಗಿದ ಇಟ್ಟಿಗೆಯಾಯಿತು. ತೋಳನ್ನು ಬಲಕ್ಕೆ ತಂದಳು, ಎಡಕ್ಕೆ ತಂದಳು, ಮಂಡಿ ಬಗ್ಗಿಸಿ ಗಿಡಗಳ ಸಮಕ್ಕೆ ಇಳಿಸಿದಳು. ಎಲ್ಲೂ ಹೋಗಲಿಲ್ಲ. ಆ ಅಂಚಿನ ಕೆಂಪಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿದ ಕೆಂಪು ಇದು. ಹಾಗಾದರೆ ಅವತ್ತೂ ಹೊಂದಿರಲಿಲ್ಲ. ಮೊದಲ ದಿನ, ಬಣ್ಣ ಇನ್ನೂ ಹಸಿಯಾಗಿದ್ದಾಗಲೇ ಹೊಂದಿರಲಿಲ್ಲ. ಇಷ್ಟು ವರ್ಷ ಅವಳು ಬಿಸಿಲನ್ನು ಬೈದಳು, ಬೇರಿನ ಬಣ್ಣವನ್ನು ಬೈದಳು, ದಕ್ಷಿಣದ ಕಿಟಕಿಯನ್ನು ಬೈದಳು, ಕಳೆದುಹೋಯಿತು ಎಂದು ಅತ್ತಳು. ಕಳೆದುಹೋದದ್ದು ಕೈಗೆ ಬಂದೇ ಇರಲಿಲ್ಲ.

“ಆಗ್ಲಿಲ್ಲ,” ಎಂದಳು. ಗಾಳಿಗೆ ತನಗೇ ಕೇಳಿಸಲಿಲ್ಲವೆಂದು ಇನ್ನೂ ಗಟ್ಟಿಯಾಗಿ ಹೇಳಿದಳು. “ಆಗ್ಲಿಲ್ಲ ಥರ್ಜಾ, ಹಾಳಾಗೋಗ್ಲಿ, ಆಗ್ಲೇ ಇಲ್ಲ!”

ಟ್ರಕ್ಕಿನ ಒಳಗಿನಿಂದ ನಗು ಕೇಳಿಸಿತು. ಥರ್ಜಾ ಹಲ್ಲಿಲ್ಲದ ಕಡೆಯಿಂದ ಸೀಟಿಯಂತೆ ನಗುತ್ತಿದ್ದಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಇದು ನೆನಪಿದೆ ನೋಡು. ಅವತ್ತೂ ಹಿಂಗೇ ಚಾಕು ಎತ್ತಿ ಹಿಡ್ಕೊಂಡು, ಆಗ್ಲಿಲ್ಲ ಆಗ್ಲಿಲ್ಲ ಅಂತ ಕಟ್ಟಿಹಾಕಿದ ನಾಯಿ ಥರ ಬೊಗಳ್ತಿದ್ದೆ. ನಾನು ಬಗ್ಗಿದ್ದೋಳು ಬಗ್ಗಿದ ಹಂಗೇ ನಗ್ತಿದ್ದೆ.”

“ನೆನಪಿಲ್ಲ ಅಂತಿದ್ಯಲ್ಲ ಇಷ್ಟು ದಿನ!”

“ನೀನು ಕೇಳ್ತಿದ್ದಿದ್ದು ಕೆಂಪಿತ್ತಾ ಅಂತ. ಕೆಂಪು ನಂಗೇನು ಗೊತ್ತು? ಬೈಗುಳದ ಬಗ್ಗೆ ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ.”

ರೋವಿನಾ ಚಾಕು ಇಳಿಸಿದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಜಾಗ ಬದಲಾಯಿಸಿತ್ತು. ಎದೆಯಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಇಳಿದಿತ್ತು. ಬೆಳಕು ಇನ್ನೆಷ್ಟು ಹೊತ್ತು ಇರುತ್ತದೆಂದು ಕಣ್ಣು ತಾನಾಗಿ ಪಶ್ಚಿಮಕ್ಕೆ ಹೋಗಿ ನೋಡಿ ಬಂತು. ಚಾಕುವಿನ ಕೆಂಪನ್ನು ಹುಲ್ಲಿಗೆ ಒರೆಸಿದಳು. ಟ್ರಕ್ಕಿನ ಹಿಂದಿನ ಪೆಟ್ಟಿಗೆಯನ್ನು ಎಳೆದಳು, ಮೂರು ಕಾಲಿನ ಹಲಗೆಯನ್ನು ಗಾಳಿಗೆ ಬೀಳದಂತೆ ಕಲ್ಲು ಕಟ್ಟಿ ನಿಲ್ಲಿಸಿದಳು. ಪೆಟ್ಟಿಗೆಯಲ್ಲಿ ನೂರು ವರ್ಷ ಉಳಿಯುವ ಕೆಂಪು ಮೇಲೇ ಇತ್ತು. ಅದನ್ನು ಪಕ್ಕಕ್ಕೆ ತಳ್ಳಿ, ತಳದಲ್ಲಿ ಬೆರಳಾಡಿಸಿ, ತಲೆ ಗಟ್ಟಿಯಾದ ಹಳೆಯ ಮಂಜಿಷ್ಠದ ಟ್ಯೂಬನ್ನು ಹುಡುಕಿ ತೆಗೆದು ಹಲ್ಲಿನಿಂದ ಮುಚ್ಚಳ ತಿರುಗಿಸಿದಳು.

“ಇಳಿ,” ಎಂದಳು.

“ಈ ಚಳೀಲಾ? ನಂಗೆ ಎಂಬತ್ತಮೂರು ಕಣೇ.”

“ಅದಕ್ಕೇ ಹೇಳ್ತಿರೋದು, ಬೇಗ ಇಳಿ.”

ಥರ್ಜಾ ಗೊಣಗುತ್ತಾ ಇಳಿದು, ಕೋಲೂರಿ, ಗಿಡಗಳ ನಡುವೆ ಕಾಲು ಹುಡುಕಿ ಹುಡುಕಿ ಇಡುತ್ತಾ ಬಯಲಿನೊಳಕ್ಕೆ ನಡೆದಳು. ಒಂದು ದೊಡ್ಡ ಬಂಡೆಯ ಹತ್ತಿರ ನಿಂತು ತಿರುಗಿದಳು.

“ಇಲ್ಲೇನಾ?”

“ಇನ್ನೊಂಚೂರು ಈ ಕಡೆ ಬಾ. ಬಂಡೆ ಬಿಟ್ಟು ಬಾ!”

“ಬಗ್ಗಬೇಕಾ?”

“ಬೇಡ. ಬಗ್ಗಿದ್ರೆ ನಿನ್ನ ಎಬ್ಬಿಸೋರು ಯಾರು? ನಿಂತೇ ಇರು.”

ರೋವಿನಾ ಕಲಸಿದಳು. ಚಾಕುವನ್ನು ಎತ್ತಿ, ತೋಳು ಚಾಚಿ, ಅಕ್ಕನ ಹಿಂದಿನ ಬಯಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಕೆರೆದಳು. ಮತ್ತೆ ಕಲಸಿದಳು.

“ಆಯ್ತಾ?” ಥರ್ಜಾ ಗಾಳಿಯಲ್ಲಿ ಕೂಗಿದಳು.

“ಇಲ್ಲ,” ಎಂದು ರೋವಿನಾ ಕೂಗಿ ಹೇಳಿದಳು. “ಅಲ್ಲಾಡಬೇಡ.”